ನೋಡಿದ್ದಕ್ಕೂ ಕೂಲಿ

ಮಳೆ ಹಿಡಿದ ವಾರದಲ್ಲಿ ಬೆಳಗಿನ ಹೊತ್ತು ನಮ್ಮ ಬೀದಿಗಳಲ್ಲಿ ಒಂದಲ್ಲ ಒಂದು ಬೈಕು ಮುನಿಸಿಕೊಂಡು ನಿಂತಿರುತ್ತದೆ. ಮಗಳನ್ನು ಕಾಲೇಜಿಗೆ ಬಿಡುವ ಅವಸರದಲ್ಲಿ ಸೆಲ್ಫ್ ಬಟನ್ ಒತ್ತಿದರೆ ಸೀಟಿನ ಕೆಳಗೆಲ್ಲೋ ‘ಟಕ್’ ಅನ್ನುತ್ತದೆ, ಅಷ್ಟೇ. ಹಿಂದೆ ಇಂಥ ಹೊತ್ತಿಗೆ ಕಿಕ್ಕರ್ ಇತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಂತೂ ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗಿತ್ತು. ಬ್ಯಾಟರಿ ತುಸು ಸೊರಗಿದ್ದರೂ ಕಾಲಿನ ಬಲದಿಂದ ಕೆಲಸ ಸಾಗುತ್ತಿತ್ತು. ಈಗಿನ ಎಷ್ಟೋ ಬೈಕುಗಳಿಗೆ ಕಿಕ್ಕರೇ ಇಲ್ಲ. ಹಾಗಾಗಿ ಅಕ್ಕಪಕ್ಕದವರೆಲ್ಲ ಸೇರಿ ನಿಂತಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ: “ಬ್ಯಾಟರಿ ಹೋಗಿದೆ ಸಾರ್, ಬದಲಾಯಿಸಿಬಿಡಿ.”

ಹೋಗಿರಲೂಬಹುದು. ಆದರೆ ಗಾಡಿ ಮಾಡುವ ಸದ್ದನ್ನೊಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು. ಬಟನ್ ಒತ್ತಿದಾಗ ಏನೂ ಸದ್ದಿಲ್ಲವೆಂದರೆ ಫ್ಯೂಸ್, ಕ್ಲಚ್ಚಿನ ಸ್ವಿಚ್, ಇಳಿದೇ ಇರುವ ಸೈಡ್ ಸ್ಟ್ಯಾಂಡ್, ಇಲ್ಲವೇ ಮೊಮ್ಮಗ ಆಡುತ್ತಾ ಒತ್ತಿಹೋದ ಕೆಂಪು ಕಿಲ್ ಸ್ವಿಚ್ ಕಡೆ ನೋಡಬೇಕು. ಒಂದೇ ಒಂದು ‘ಟಕ್’ ಕೇಳಿದರೆ ರಿಲೇ ತನ್ನ ಕೆಲಸ ಮಾಡಿದೆ, ಮೋಟಾರಿಗೆ ಸಾಕಷ್ಟು ಕರೆಂಟು ಮುಟ್ಟಿಲ್ಲ. ‘ಟಕಟಕಟಕ’ ಎಂದರೆ ರಿಲೇ ಹಿಡಿದ ಕ್ಷಣವೇ ವೋಲ್ಟೇಜು ಕುಸಿದು ಮತ್ತೆ ಬಿಟ್ಟುಕೊಳ್ಳುತ್ತಿದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಪ್ಲಗ್ಗನ್ನೋ ಪೆಟ್ರೋಲನ್ನೋ ನೋಡಬೇಕೇ ಹೊರತು ಬ್ಯಾಟರಿಯನ್ನು ಬೈದು ಫಲವಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಕೈಯಲ್ಲಿದ್ದರೆ ಇನ್ನೂ ಸಲೀಸು. ರಾತ್ರಿಯೆಲ್ಲ ಸುಮ್ಮನಿದ್ದ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗೆ ಬಂದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ ಎಂದೇ ಲೆಕ್ಕ. ಇಂಜಿನ್ ಓಡುವಾಗ ಅದು 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ದೋಷ ಚಾರ್ಜಿಂಗಿನಲ್ಲಿದೆ, ಇವತ್ತು ತಂದ ಹೊಸ ಬ್ಯಾಟರಿಯೂ ಬೇಗನೆ ಮಲಗುತ್ತದೆ.

ಬಹಳ ಜನ ಎಡವುವುದು ಟರ್ಮಿನಲ್ಲಿನ ಹತ್ತಿರ. “ಹಾರ್ನ್ ಹೊಡೆಯುತ್ತೆ, ಲೈಟು ಉರಿಯುತ್ತೆ, ವೈರು ಸರಿಯಾಗೇ ಇದೆಯಲ್ಲ?” ಎನ್ನುವುದು ಸಹಜವಾದ ಪ್ರಶ್ನೆ. ಉತ್ತರ ಶಾಲೆಯಲ್ಲಿ ಓದಿ ಮರೆತ ಓಮನ ನಿಯಮದಲ್ಲಿದೆ. ಬಿಳಿ-ಹಸಿರು ಪುಡಿ ಕಟ್ಟಿದ ಜೋಡಣೆಯಲ್ಲಿ 0.05 ಓಮಿನಷ್ಟು ಅಲ್ಪ ತಡೆ ಇದೆಯೆಂದುಕೊಳ್ಳಿ. 3 ಆಂಪಿಯರ್ ಎಳೆಯುವ ದೀಪಕ್ಕೆ ಅಲ್ಲಿ ಆಗುವ ನಷ್ಟ 0.15 ವೋಲ್ಟ್, ಯಾರಿಗೂ ಗೊತ್ತಾಗದು. ಸೆಲ್ಫ್ ಮೋಟಾರು 60 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 3 ವೋಲ್ಟ್ ಕಾಣೆ! ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಮೊಳೆಯ ಮೇಲೂ ಇನ್ನೊಂದನ್ನು ಅದಕ್ಕೆ ಬಿಗಿದ ವೈರಿನ ಬಳೆಯ ಮೇಲೂ ಇಟ್ಟು ಸೆಲ್ಫ್ ಒತ್ತಿ ನೋಡಿ. ಜೋಡಣೆ ಶುದ್ಧವಾಗಿದ್ದರೆ ಮುಳ್ಳು ಅಲುಗುವುದೇ ಅಪರೂಪ. ಒಂದೆರಡು ವೋಲ್ಟ್ ತೋರಿಸಿದರೆ ತೊಂದರೆ ಅಲ್ಲೇ. ಆಗ ಬೇಕಾಗುವುದು ಒಂದು ತುಂಡು ಉಪ್ಪುಕಾಗದ, ಸ್ಕ್ರೂಗೆ ಒಂದು ಬಿಗಿತ, ಮೇಲೆ ಒಂದಿಷ್ಟು ವ್ಯಾಸಲೀನ್. (ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ.)

ಈಗ ಕೂಲಿಯ ಮಾತು. ಮೂಲೆಯ ಗ್ಯಾರೇಜಿನವರು ಅರ್ಧ ಗಂಟೆ ಬಗ್ಗಿ ಕೂತು ಇಷ್ಟನ್ನೂ ಹುಡುಕಿ, ಉಜ್ಜಿ, ಗಾಡಿ ಸ್ಟಾರ್ಟ್ ಮಾಡಿ ನೂರೈವತ್ತು ರೂಪಾಯಿ ಕೇಳಿದರೆ ನಮ್ಮ ಹುಬ್ಬು ಮೇಲೇರುತ್ತದೆ: “ಬರೀ ಉಜ್ಜಿದ್ದಕ್ಕೆ ಇಷ್ಟೊಂದಾ?” ಅವರೇ ಏನನ್ನೂ ನೋಡದೆ ಹೊಸ ಬ್ಯಾಟರಿ ಕೂರಿಸಿದ್ದರೆ ಸಾವಿರಗಟ್ಟಲೆ ಎಣಿಸಿಕೊಟ್ಟು ಮೇಲೆ ಥ್ಯಾಂಕ್ಸ್ ಬೇರೆ ಹೇಳುತ್ತಿದ್ದೆವು. ಔಷಧಿ ಬೇಡ, ವಿಶ್ರಾಂತಿ ಸಾಕು ಎಂದ ಡಾಕ್ಟರಿಗೆ ಫೀಸು ಕೊಟ್ಟು ನಗುನಗುತ್ತಾ ಬರುವವರು ನಾವೇ. ಪರೀಕ್ಷಿಸುವ ವಿವೇಕಕ್ಕೆ ಕಾಸಿಲ್ಲ, ಡಬ್ಬಕ್ಕೆ ಮಾತ್ರ ಕಾಸು ಎಂದು ಗಿರಾಕಿಗಳು ತೋರಿಸಿಕೊಟ್ಟ ಮೇಲೆ ಒಳ್ಳೆಯ ಕೆಲಸಗಾರನೂ ಡಬ್ಬ ಮಾರುವುದನ್ನೇ ಕಲಿಯುತ್ತಾನೆ. ಪ್ಲಂಬರ್, ಮಿಕ್ಸಿ ರಿಪೇರಿಯವರು, ಎಲ್ಲರ ವಿಷಯದಲ್ಲೂ ನಡೆಯುತ್ತಿರುವುದು ಇದೇ. ಗಾಡಿ ತಳ್ಳಿಕೊಂಡು ಹೋದ ಕೂಡಲೇ, “ಏನೂ ಬದಲಾಯಿಸದಿದ್ದರೂ ಪರವಾಗಿಲ್ಲ, ನೋಡಿದ್ದಕ್ಕೆ ಎಷ್ಟು ಅಂತ ಹೇಳಿಬಿಡಿ ಅಣ್ಣಾ” ಎಂದರೆ ಮಾತು ನೇರವಾಗುತ್ತದೆ. ಅವರಿಗೂ ಮೀಟರ್ ಹೊರತೆಗೆಯುವ ಉತ್ಸಾಹ ಬರುತ್ತದೆ. ಬ್ಯಾಟರಿಗೆ ನಿಜವಾಗಿಯೂ ವಯಸ್ಸಾಗಿದ್ದರೆ ಕೊಳ್ಳಲೇಬೇಕು, ಅದಕ್ಕೆ ಗೊಣಗಬೇಕಿಲ್ಲ. ಹಳೆಯದರಲ್ಲಿ ಸೀಸ ಇರುವುದರಿಂದ ಅದಕ್ಕೊಂದು ಬೆಲೆ ಉಂಟು. ಬಿಲ್ಲಿನಲ್ಲಿ ಕಳೆಯಲು ಮಾತ್ರ ಮರೆಯದೆ ಕೇಳಿ.