ನೆತ್ತರಿನ ಖಾತಾವಣಿ

ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಬಹುಕಾಲ ಕರೆಯಿಸಿಕೊಂಡ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಿಂದ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೊರಟು, ಬೆಂಗಳೂರು ಮುಂಬಯಿಗಳಲ್ಲಿ, ಕೊಲ್ಲಿಯ ನಾಡುಗಳಲ್ಲಿ, ಇಂಗ್ಲೆಂಡ್ ಅಮೆರಿಕಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು, ನಿವೃತ್ತಿಯ ತರುವಾಯ ಹಿರಿಯರ ಮನೆಗೆ ಸುಣ್ಣ ಬಳಿಯಿಸಿ ನೆಲಸಲು ಬರುವವರುಂಟು. ಹಾಗೆ ಬಂದವರಿಗೆ ಎದುರಾಗುವ ಮೊದಲ ಸೋಜಿಗವೆಂದರೆ, ಊರು ಇದ್ದಲ್ಲಿಯೇ ಇದ್ದು ಜಿಲ್ಲೆ ಬದಲಾಗಿರುವುದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯದಾಯಿತು. ಇಂತಹ ಬದಲಾವಣೆಗಳನ್ನು ಸರ್ಕಾರವು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಅರವತ್ತು ದಾಟಿದ ಶರೀರದೊಳಗೆ ನಡೆಯುವ ಬದಲಾವಣೆಗಳಿಗೆ ಅಂತಹ ಪ್ರಕಟಣೆಯಿಲ್ಲ. ಸಕ್ಕರೆ ಏರುವುದಾಗಲಿ, ಮೂತ್ರಪಿಂಡ ಸೊರಗುವುದಾಗಲಿ ಮೊದಲ ಕೆಲವು ವರ್ಷಗಳು ನೋವಿಲ್ಲದೆ ನಡೆಯುವುದರಿಂದ, ನಾವಾಗಿ ಕೇಳಿದಲ್ಲದೆ ಅವು ಉತ್ತರ ಕೊಡುವುದಿಲ್ಲ.

ಕೇಳುವ ಕ್ರಮವು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಂತಹ ನಾಡಿನಲ್ಲಿ ಕುಟುಂಬವೈದ್ಯನು ಚೀಟಿ ಬರೆದ ಹೊರತು ಸಾಮಾನ್ಯವಾಗಿ ರಕ್ತ ತೆಗೆಯುವುದಿಲ್ಲ. ಫಲಿತಾಂಶವು ವೈದ್ಯನಿಗೆ ಹೋಗಿ, ರೋಗಿಯ ದಾಖಲೆಯಲ್ಲಿ ತಾನಾಗಿಯೇ ಸೇರಿ, ಹತ್ತು ವರ್ಷಗಳ ಮೇಲೂ ಸಿಕ್ಕುತ್ತದೆ. ನಮ್ಮಲ್ಲಾದರೋ ಬಸ್‌ಸ್ಟ್ಯಾಂಡಿನ ಬಳಿಯ ಲ್ಯಾಬಿಗೆ ಯಾರು ಬೇಕಾದರೂ ಬೆಳಗ್ಗೆ ಹೋಗಿ ತೋಳು ಚಾಚಬಹುದು. ಸಂಜೆಯೊಳಗೆ ವರದಿ ಕೈಗೆ ಬರುತ್ತದೆ ಇಲ್ಲವೆ ವಾಟ್ಸಾಪಿಗೆ ಬಂದು ಬೀಳುತ್ತದೆ. ಈ ಸೌಲಭ್ಯ ದೊಡ್ಡದು; ಆದರೆ ಕಾಗದ ನಮ್ಮ ಕೈಸೇರಿದ ಗಳಿಗೆಯಿಂದ ಅದನ್ನು ಕಾಯುವ ಹೊಣೆಯೂ ನಮ್ಮದೇ ಆಗುತ್ತದೆ. ಪರದೇಶದಲ್ಲಿ ವ್ಯವಸ್ಥೆಯು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಭ್ಯಾಸವು ಮಾಡಬೇಕು. ತಾಯ್ನಾಡಿಗೆ ಮರಳಿದ ನಿವೃತ್ತನು ಕಲಿಯತಕ್ಕ ಹೊಸ ನಡತೆ ಇದೊಂದೇ ಎಂದರೂ ಸಲ್ಲುವುದು.

ಕೊಟ್ಟೂರಿನ ಹಳೆಯ ವರ್ತಕನು ದಿನದ ವಹಿವಾಟನ್ನು ಕಿರ್ದಿಗೆ ಬರೆದು ಅಷ್ಟಕ್ಕೇ ಸುಮ್ಮನಾಗುತ್ತಿರಲಿಲ್ಲ. ಅದನ್ನು ಖಾತಾವಣಿಗೆ ಏರಿಸಿದಾಗಲೇ ಯಾರ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೆಂಬುದು ಅವನಿಗೆ ಕಾಣುತ್ತಿದ್ದುದು. ಒಂದು ದಿನದ ರಕ್ತದ ವರದಿ ಕಿರ್ದಿಯ ಒಂದು ಸಾಲು ಮಾತ್ರ. ಕ್ರಿಯಾಟಿನಿನ್ ಎಂಬ ಅಂಶ ಒಬ್ಬನಲ್ಲಿ 0.8 ಇದ್ದುದು ಮೂರು ನಾಲ್ಕು ವರ್ಷಗಳಲ್ಲಿ ಮೆಲ್ಲನೆ 1.2ಕ್ಕೆ ಏರಿತೆನ್ನಿ, ಗಂಡಸರಿಗೆ 1.3ರವರೆಗೆ ಸಾಮಾನ್ಯವೆಂದು ಅಚ್ಚುಹಾಕಿರುವ ಕಾಗದವು ಪ್ರತಿವರ್ಷವೂ 'ಏನೂ ತೊಂದರೆಯಿಲ್ಲ' ಎಂದೇ ಹೇಳುವುದು. ನಾಲ್ಕು ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದವನಿಗೆ ಮಾತ್ರ ಮೂತ್ರಪಿಂಡದ ಕಸುವು ಕುಂದುತ್ತಿರುವುದು ತಿಳಿಯುತ್ತದೆ. ಆದುದರಿಂದ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಲ್ಯಾಬು, ಆಗ ನುಂಗುತ್ತಿದ್ದ ಮಾತ್ರೆ, ಮುಖ್ಯವಾದ ಐದಾರು ಅಂಕಿಗಳು, ಇಷ್ಟನ್ನು ಸಾಲಾಗಿ ಬರೆದಿಡುವುದು ಮೊದಲ ಅಭ್ಯಾಸ. ಪರದೇಶದಿಂದ ಬರುವಾಗ ಅಲ್ಲಿಯ ಹಳೆಯ ವರದಿಗಳ ಪ್ರತಿಯನ್ನು ಕೇಳಿ ತರುವುದು ಅದಕ್ಕೂ ಮೊದಲಿನದು.

ಎರಡನೆಯ ಅಭ್ಯಾಸ ಕಾಲನಿಯಮ. ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂಬ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಒಪ್ಪಿಸುತ್ತಾರೆ. ಖಜಾನೆಗೆ ಆ ಸಾಕ್ಷಿಯನ್ನು ಕೊಡುವ ವಾರದಲ್ಲಿಯೇ ಲ್ಯಾಬಿಗೂ ಹೋಗಿಬರುವ ವ್ರತವನ್ನಿಟ್ಟುಕೊಂಡರೆ ಮರೆವಿಗೆ ಎಡೆಯಿರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರು ಹೇಳಿದಂತೆ ಇನ್ನೂ ಹತ್ತಿರದ ಅವಧಿಗೆ ಹೋಗಬೇಕು. ಆದಷ್ಟು ಮಟ್ಟಿಗೆ ಒಂದೇ ಲ್ಯಾಬಿಗೆ ಹೋಗುವುದು ಲೇಸು. ಹರಪನಹಳ್ಳಿಯವರು ಒಮ್ಮೆ ದಾವಣಗೆರೆಯಲ್ಲಿ, ಒಮ್ಮೆ ಊರಿನಲ್ಲಿ, ಮತ್ತೊಮ್ಮೆ ಮಗಳ ಮನೆಗೆ ಹೋದಾಗ ಬೆಂಗಳೂರಿನಲ್ಲಿ ಪರೀಕ್ಷಿಸಿಕೊಂಡರೆ, ಯಂತ್ರಯಂತ್ರಗಳ ನಡುವಣ ವ್ಯತ್ಯಾಸವೇ ಶರೀರದ ವ್ಯತ್ಯಾಸದಂತೆ ಕಂಡು ದಿಕ್ಕುಗೆಡಿಸುವುದುಂಟು.

ಮೂರನೆಯದು ಸತ್ಯ. ಬರಿಹೊಟ್ಟೆಯ ಸಕ್ಕರೆಯನ್ನು ಅಳೆಯಬೇಕಾದರೆ ಎಂಟರಿಂದ ಹನ್ನೆರಡು ಗಂಟೆ ಏನನ್ನೂ ತಿನ್ನಬಾರದು. ನೀರು ಕುಡಿಯಬಹುದು, ಕುಡಿಯುವುದೇ ಒಳ್ಳೆಯದು, ನಾಳ ಸುಲಭವಾಗಿ ಸಿಕ್ಕುತ್ತದೆ. ಆದರೆ ನಮ್ಮ ಊರುಗಳ ಸ್ನೇಹಶೀಲತೆ ಈ ನಿಯಮವನ್ನು ಬಲ್ಲದು ಎನ್ನುವಂತಿಲ್ಲ. ಬೆಳಗಿನ ಆರೂವರೆಗೆ ಹೋಟೆಲಿನ ಮುಂದೆ ಹಾದುಹೋಗುವ ಹಿರಿಯನಿಗೆ, "ಬರ್ರಿ ಕಾಕಾ, ಚಾ ಕುಡೀರಿ" ಎಂಬ ಕರೆ ಬರುತ್ತದೆ. "ಈಗ ಬ್ಯಾಡಪ್ಪ, ರಕ್ತ ಕೊಡಾಕ ಹೊಂಟೀನಿ" ಎಂದರೆ, "ಅರ್ಧ ಚಾದಾಗ ಏನೈತ್ರಿ, ಕುಡೀರಿ" ಎಂಬ ಉಪಚಾರ. ಆ ಅರ್ಧ ಚಹಾದಲ್ಲಿ ಸಕ್ಕರೆಯೂ ಹಾಲೂ ಇವೆ. ದಾಕ್ಷಿಣ್ಯಕ್ಕೆ ಕುಡಿದವನು ಲ್ಯಾಬಿನಲ್ಲಿ 'ಬರಿಹೊಟ್ಟೆ' ಎಂದು ಹೇಳಿದರೆ ಅಂದಿನ ಸಕ್ಕರೆಯ ಪರೀಕ್ಷೆ ವ್ಯರ್ಥ. ಕುಡಿದದ್ದಾದರೆ ಹೇಳಿಬಿಡಬೇಕು, ಮರುದಿನ ಹೋಗಬೇಕು. ಇದಕ್ಕಿಂತ ಸೂಕ್ಷ್ಮವಾದ ಅಸತ್ಯ ಇನ್ನೊಂದಿದೆ: ಪರೀಕ್ಷೆಗೆ ಮುನ್ನ ಒಂದು ವಾರ ಅನ್ನ, ಮಂಡಕ್ಕಿ ಮಿರ್ಚಿಗಳನ್ನು ಬಿಟ್ಟು ಜೋಳದ ರೊಟ್ಟಿ ಪಲ್ಯಗಳಲ್ಲಿ ತಪಸ್ಸು ಮಾಡಿ, ಒಳ್ಳೆಯ ಅಂಕಿಯನ್ನು ಸಂಪಾದಿಸಿ, ಸಂಜೆಯೇ ಹಳೆಯ ದಾರಿಗೆ ತಿರುಗುವುದು. ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಮುಂದೆ ಈ ಜಾಣತನ ನಡೆಯುವುದಿಲ್ಲ. ರಕ್ತದ ಕೆಂಪುಕಣವು ಸುಮಾರು 120 ದಿನ ಬಾಳುತ್ತದೆ. ಅಷ್ಟು ದಿನವೂ ತಾನು ಈಜಿದ ಸಕ್ಕರೆಯ ಗುರುತನ್ನು ಹೊತ್ತಿರುತ್ತದೆ. ಈ ಅಂಕಿ 5.7ಕ್ಕಿಂತ ಕಡಿಮೆಯಿದ್ದರೆ ಕ್ಷೇಮ, 6.5 ಮತ್ತು ಅದಕ್ಕೆ ಮೇಲ್ಪಟ್ಟರೆ ಮಧುಮೇಹ, ನಡುವಿನದು ಎಚ್ಚರಿಕೆಯ ಪ್ರದೇಶ. ವೈದ್ಯನನ್ನು ಮೆಚ್ಚಿಸಲು ಪರೀಕ್ಷೆಗೆ ಹೋಗುವುದಲ್ಲ. ನಾವು ನಿಜವಾಗಿ ಹೇಗೆ ಬದುಕುತ್ತಿದ್ದೇವೆಂಬುದನ್ನು ತಿಳಿಯಲು ಹೋಗುವುದು.

ರಕ್ತ ತೆಗೆಯುವಾಗ ಮುಖ ತಿರುಗಿಸುವುದನ್ನು ಬಿಟ್ಟು ಕೊಂಚ ನೋಡುವುದು ಹಿತಕರ. ನೇರಳೆ ಮುಚ್ಚಳದ ಕೊಳವೆ ಹಿಮೋಗ್ಲೋಬಿನ್ನಿಗೂ ಎಚ್‌ಬಿಎ1ಸಿಗೂ, ಬೂದುಬಣ್ಣದ್ದು ಸಕ್ಕರೆಗೆ. ಈ ಬೂದು ಕೊಳವೆಯಲ್ಲಿ ಫ್ಲೋರೈಡ್ ಲವಣವಿರುವುದಕ್ಕೆ ಕಾರಣವುಂಟು: ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಸಕ್ಕರೆಯನ್ನು ಉಣ್ಣುತ್ತಲೇ ಇರುತ್ತವೆ, ಹಾಗೆಯೇ ಬಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಇಳಿದುಹೋಗುತ್ತದೆ. ಹಡಗಲಿ, ಕೂಡ್ಲಿಗಿಗಳಲ್ಲಿ ತೆಗೆದ ರಕ್ತವು ದೂರದ ನಗರದ ಲ್ಯಾಬಿಗೆ ಪಯಣಿಸುವುದಾದರೆ, 'ಯಾವ ಪರೀಕ್ಷೆ ಇಲ್ಲಿಯೇ ಆಗುತ್ತದೆ, ಯಾವುದು ಹೊರಗೆ ಹೋಗುತ್ತದೆ' ಎಂದು ವಿನಯದಿಂದ ಕೇಳುವುದು ಅಧಿಕಪ್ರಸಂಗವಲ್ಲ.

ವರದಿ ಬಂದ ಮೇಲೆ ಪರದೇಶದಿಂದ ಮರಳಿದವನನ್ನು ಮೊದಲು ಕಂಗೆಡಿಸುವುದು ಮಾನ. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ಸಕ್ಕರೆಯನ್ನು ಮಿಲಿಮೋಲ್‌ಗಳಲ್ಲಿ ಬರೆಯುತ್ತಾರೆ; ಇಲ್ಲಿ ಮಿಲಿಗ್ರಾಂಗಳಲ್ಲಿ. ಅಲ್ಲಿಯ 5.5ನ್ನು 18ರಿಂದ ಗುಣಿಸಿದರೆ ಇಲ್ಲಿಯ 99. ಇಂಗ್ಲೆಂಡಿನ ಕಾಗದದಲ್ಲಿ ಎಚ್‌ಬಿಎ1ಸಿ 48 ಎಂದಿದ್ದರೆ ಅದೇ ನಮ್ಮ 6.5. ಗಣಿತವನ್ನು ಮಾಡದೆ ಸಕ್ಕರೆ ಹದಿನೆಂಟು ಮಡಿಯಾಯಿತೆಂದು ಹೌಹಾರುವುದು ವಿವೇಕವಲ್ಲ. ಎರಡನೆಯ ದಿಗಿಲು ದಪ್ಪಕ್ಷರದ್ದು. ವರದಿಯ ಅಂಚಿನಲ್ಲಿರುವ 'ಸಾಮಾನ್ಯ ಮಿತಿ'ಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗಾಗುವಂತೆ ಗೊತ್ತುಮಾಡಿರುವುದು ವಾಡಿಕೆ. ಆದುದರಿಂದ ಇಪ್ಪತ್ತು ಪರೀಕ್ಷೆ ಮಾಡಿಸಿದ ಗಟ್ಟಿಮುಟ್ಟಾದವನಲ್ಲಿಯೂ ಒಂದು ಅಂಕಿ ಗೆರೆ ದಾಟಿ ದಪ್ಪಗೆ ಕಾಣಿಸಬಹುದು. ರಿಯಾಯಿತಿ ದರದಲ್ಲಿ ಎಪ್ಪತ್ತೆಂಬತ್ತು ಪರೀಕ್ಷೆಗಳ 'ಪ್ಯಾಕೇಜ್' ಕೊಂಡವನು ಮೂರು ನಾಲ್ಕು ದಿಗಿಲುಗಳನ್ನೂ ಅದರೊಡನೆ ಕೊಂಡಂತಾಯಿತು.

ಬೇಕಾದುದು ಕೆಲವೇ: ರಕ್ತಕಣಗಳ ಎಣಿಕೆ, ಸಕ್ಕರೆ, ಎಚ್‌ಬಿಎ1ಸಿ, ಕ್ರಿಯಾಟಿನಿನ್, ಕೊಬ್ಬಿನ ಲೆಕ್ಕ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್, ವೈದ್ಯರು ಹೇಳಿದರೆ ಥೈರಾಯಿಡ್ ಮತ್ತು ಬಿ12. ಈ ಕಡೆಯದು ನಮ್ಮ ಸೀಮೆಯ ಶಾಕಾಹಾರಿ ಮನೆತನಗಳಿಗೆ ವಿಶೇಷವಾಗಿ ಸಲ್ಲುತ್ತದೆ, ಏಕೆಂದರೆ ಬಿ12 ಸೊಪ್ಪು ಕಾಳುಗಳಲ್ಲಿ ದೊರೆಯುವುದಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುವರ್ಷ ಸೇವಿಸಿದವರಲ್ಲಿಯೂ ಅದು ಕುಗ್ಗುವುದುಂಟು. ಅದರ ಕೊರತೆಯಿಂದಲೂ ಕಾಲು ಜುಮುಗುಟ್ಟಬಹುದಾದ್ದರಿಂದ ಅದೆಲ್ಲ ವಯಸ್ಸಿನ ಪಾಡೆಂದು ತಳ್ಳಿಹಾಕತಕ್ಕದ್ದಲ್ಲ.

ವರದಿಯನ್ನು ಓದಿ ಅರ್ಥ ಹೇಳುವ ಅಧಿಕಾರ ಯಾರದು? ಕಟ್ಟೆಯ ಮೇಲಿನ ಗೆಳೆಯನದಲ್ಲ. ಅಮೆರಿಕದಲ್ಲಿರುವ ಮಗನದೂ ಅಲ್ಲ, ಅವನು ಎಷ್ಟೇ ಅಕ್ಕರೆಯಿಂದ ನಡುರಾತ್ರಿಯಲ್ಲಿ ಕಂಪ್ಯೂಟರನ್ನು ತಡಕಾಡಿದರೂ. ಊರಿನಲ್ಲಿಯೋ ಹೊಸಪೇಟೆ ದಾವಣಗೆರೆಗಳಲ್ಲಿಯೋ ಒಬ್ಬ ವೈದ್ಯನನ್ನು ಆರಿಸಿಕೊಂಡು, ಅವನ ಮುಂದೆ ನೋಟುಪುಸ್ತಕವನ್ನಿಟ್ಟು, ಅವನು ಹೇಳಿದ್ದನ್ನು ಅದರಲ್ಲಿಯೇ ಬರೆದುಕೊಂಡು, ಮಗನಿಗೆ ಆ ಪುಟದ ಚಿತ್ರವನ್ನು ಕಳುಹಿಸಿದರೆ ಪ್ರೀತಿಗೂ ಭಂಗವಿಲ್ಲ, ಚಿಕಿತ್ಸೆಗೂ ಭಂಗವಿಲ್ಲ. ಅಂಕಿ ಸರಿಹೋಯಿತೆಂದು ಮಾತ್ರೆಯನ್ನು ತಾನೇ ನಿಲ್ಲಿಸುವವನು, ಅಂಕಿ ಸರಿಹೋದದ್ದು ಆ ಮಾತ್ರೆಯಿಂದಲೇ ಎಂಬುದನ್ನು ಮರೆತವನು.

ಇನ್ನೊಂದು ಮಾತು ಉಳಿದಿದೆ. ಮನೆಯ ಯಜಮಾನನು ವರ್ಷವರ್ಷವೂ ರಕ್ತ ಕೊಟ್ಟುಬಂದು ತನ್ನ ಪುಸ್ತಕವನ್ನು ತುಂಬಿಸುತ್ತಿರುವಾಗ, ಮನೆಯಾಕೆಯು 'ನನಗೇನಾಗೇತಿ' ಎಂದು ಒಲೆಯ ಮುಂದೆಯೇ ಉಳಿಯುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಕಬ್ಬಿಣದ ಕೊರತೆಯ ರಕ್ತಹೀನತೆಯುಳ್ಳವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರುವುದರಿಂದ ಅವರ ಸಕ್ಕರೆಯ ಲೆಕ್ಕವನ್ನೂ ಬೇರೆಯಾಗಿಯೇ ನೋಡಬೇಕಾಗುತ್ತದೆ. ಪರದೇಶದ ಚಳಿಯಲ್ಲಿ ಸಂಸಾರವನ್ನು ನಡೆಸಿ, ಈಗ ಅತ್ತೆಯ ಮನೆಯ ಬಿಸಿಲಿಗೆ ಮರಳಿದವಳ ದಣಿವಿಗೆ ಕಾರಣ ವಯಸ್ಸೋ ರಕ್ತವೋ ಎಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು. ಆದ್ದರಿಂದ ಬರುವ ನವೆಂಬರಿನಲ್ಲಿ ಲ್ಯಾಬಿಗೆ ಇಬ್ಬರೂ ಹೋಗತಕ್ಕದ್ದು. ಪುಸ್ತಕದ ಎಡಪುಟ ಒಬ್ಬರಿಗೆ, ಬಲಪುಟ ಇನ್ನೊಬ್ಬರಿಗೆ ಮೀಸಲಿರಲಿ.