ಮೂಗುತಿಯ ಭಾರ

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಕಟ್ಟಿದವರು ವಿದ್ಯುತ್ ಕಾರನ್ನು ಕಂಡಿರಲಿಲ್ಲ. ಕಂಡಿದ್ದರೆ ಮೂಗುತಿಯವರೆಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ. ಎಂಟು ಹತ್ತು ವರ್ಷ ಓಡಿದ ವಿದ್ಯುತ್ ಕಾರೊಂದನ್ನು ಮಾರಲು ಹೊರಟರೆ ಸಿಗುವ ಹಣಕ್ಕಿಂತ, ಅದರ ಬ್ಯಾಟರಿ ಬದಲಿಸಲು ತಗಲುವ ಹಣವೇ ಹೆಚ್ಚಾಗಿರುವುದು ಅಪರೂಪವಲ್ಲ. ಬಾಗಿಲು ಸರಿಯಾಗಿ ಮುಚ್ಚುತ್ತದೆ, ಮೋಟಾರು ಸದ್ದಿಲ್ಲದೆ ತಿರುಗುತ್ತದೆ, ಸೀಟು ಹರಿದಿಲ್ಲ. ಆದರೆ ಪೂರ್ತಿ ಚಾರ್ಜ್ ಮಾಡಿದರೂ ಮೊದಲಿನ ಅರ್ಧ ದೂರ ಹೋಗುವುದು ಕಷ್ಟ. ಆಗ ಮನೆಯಲ್ಲಿ, ಗ್ಯಾರೇಜಿನಲ್ಲಿ, ಟೀ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇಷ್ಟು ಹಳೆಯದಕ್ಕೆ ಅಷ್ಟು ಸುರಿಯುವುದೇಕೆ?

ಮೇಲ್ನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ಆದರೆ ಲೆಕ್ಕ ಹಾಕುವವರು ಏನನ್ನು ಯಾವುದರ ಎದುರು ಇಟ್ಟು ತೂಗುತ್ತಿದ್ದಾರೆ ಎಂದು ನೋಡಿದರೆ ತಕ್ಕಡಿಯೇ ಡೊಂಕಾಗಿ ಕಾಣುತ್ತದೆ. ಒಂದು ತಟ್ಟೆಯಲ್ಲಿ ಹೊಸ ಬ್ಯಾಟರಿಯ ಬೆಲೆ, ಇನ್ನೊಂದರಲ್ಲಿ ಹಳೆ ಕಾರಿನ ಮಾರಾಟದ ಬೆಲೆ. ಮಾರಾಟದ ಬೆಲೆ ಎಂದರೆ ಆ ಕಾರಿನಲ್ಲಿ ಎಂದೂ ಕೂರದ ಅಪರಿಚಿತನೊಬ್ಬ ಅದಕ್ಕೆ ಕೊಡಲು ಒಪ್ಪುವ ಹಣ. ಕಾರನ್ನು ಮಾರದೆ ಇಟ್ಟುಕೊಳ್ಳಬೇಕೆಂದಿರುವವರಿಗೆ ಆ ಅಪರಿಚಿತನ ಅಂದಾಜು ಯಾಕೆ ಅಳತೆಗೋಲಾಗಬೇಕು? ಅವರು ತೂಗಬೇಕಾದದ್ದು ಹೊಸ ಬ್ಯಾಟರಿಯಿಂದ ಸಿಗುವ ಮುಂದಿನ ಕೆಲವು ವರ್ಷಗಳ ಓಡಾಟವನ್ನು, ಅಷ್ಟೇ ಓಡಾಟಕ್ಕೆ ಇನ್ನೊಂದು ಕಾರು ಕೊಂಡರೆ ಆಗುವ ಖರ್ಚಿನ ಎದುರು. ಹಾಗೆ ತೂಗಿದರೆ ಕೆಲವೊಮ್ಮೆ ಬ್ಯಾಟರಿ ಗೆಲ್ಲುತ್ತದೆ, ಕೆಲವೊಮ್ಮೆ ಸೋಲುತ್ತದೆ. ಸೋತರೂ ಅದು ನ್ಯಾಯವಾದ ಸೋಲು.

ಬೆಂಗಳೂರಿಗೆ ಈ ಪ್ರಶ್ನೆ ಹೊಸದಲ್ಲ. 2001ರಲ್ಲಿ ಇಲ್ಲಿಯ ಬೀದಿಗಿಳಿದ ರೇವಾ ಎಂಬ ಪುಟ್ಟ ಕಾರನ್ನು ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಆಟಿಕೆಯೆಂದೇ ಭಾವಿಸಿದ್ದೆವು. ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಹೆಚ್ಚೆಂದರೆ ಇಬ್ಬರು ಮಕ್ಕಳು. ಇದೇ ಕಾರು ಲಂಡನ್ನಿಗೆ ಹೋಗಿ ಜಿ-ವಿಝ್ ಎಂಬ ಹೆಸರು ಪಡೆಯಿತು. ಅದರ ಸೀಟಿನ ಕೆಳಗೆ 6 ವೋಲ್ಟಿನ 8 ಸೀಸದ ಬ್ಯಾಟರಿಗಳಿದ್ದವು, ಒಟ್ಟು 48 ವೋಲ್ಟ್. ಆ ಬ್ಯಾಟರಿಗಳ ಆಯುಸ್ಸು ಸುಮಾರು ಮೂರು ವರ್ಷ. ಅಂದರೆ ರೇವಾ ಇಟ್ಟುಕೊಂಡವರ ಮನೆಯಲ್ಲಿ ಬ್ಯಾಟರಿ ಬದಲಾವಣೆ ಮೂರು ವರ್ಷಕ್ಕೊಮ್ಮೆ ಬರುವ ಊರ ಜಾತ್ರೆಯ ಹಾಗೆ. ಖರ್ಚಿನ ಬಗ್ಗೆ ಗೊಣಗಾಟ ಇದ್ದೇ ಇರುತ್ತಿತ್ತು, ಆದರೆ ಎಂಟು ಡಬ್ಬಿಗಳನ್ನು ಇಳಿಸಿ ಎಂಟನ್ನು ಏರಿಸಿದ ಮೇಲೆ ಇದು ನಮ್ಮ ಹಳೇ ಕಾರೇನಾ ಎಂಬ ಅನುಮಾನ ಯಾರಿಗೂ ಬಂದಿರಲಾರದು. ಆಗ ಬ್ಯಾಟರಿ ಟೈರಿನ ಜಾತಿಗೆ ಸೇರಿತ್ತು, ಸವೆಯುವ ವಸ್ತು. ಇಂದಿನ ಕಾರುಗಳಲ್ಲಿ ಅದೇ ಬ್ಯಾಟರಿ ಕಾರಿನ ನೆಲವೇ ಆಗಿದೆ. ನೂರಾರು ಕಿಲೋ ತೂಗುವ, ಮೊಹರು ಹಾಕಿದ, ತನ್ನದೇ ಗಣಕವಿರುವ ಪೆಟ್ಟಿಗೆ. ಕೆಲವು ಮಾದರಿಗಳಲ್ಲಂತೂ ಹೊಸ ಪೆಟ್ಟಿಗೆಯನ್ನು ಕೂರಿಸಿದರೆ ಸಾಲದು, ತಕ್ಕ ಸಾಫ್ಟ್‌ವೇರ್ ಬಂದು ಇಬ್ಬರಿಗೂ ಪರಿಚಯ ಮಾಡಿಸುವ ತನಕ ಕಾರು ಅದನ್ನು ಒಪ್ಪಿಕೊಳ್ಳುವುದಿಲ್ಲ. ಟೈರಾಗಿದ್ದದ್ದು ಹೃದಯವಾಯಿತು. ಹೃದಯ ಎಂಬ ರೂಪಕ ಬಂದ ಕೂಡಲೇ ಸಾವು, ಮರುಹುಟ್ಟು, ಆತ್ಮ ಎಲ್ಲ ಹಿಂದೆಯೇ ಬಂದವು. ಈ ಬಡ್ತಿಯನ್ನು ಕೊಟ್ಟದ್ದು ನಿಸರ್ಗವಲ್ಲ, ವಿನ್ಯಾಸ ಮತ್ತು ಬೆಲೆ.

ಸಾವು ಎಂಬ ಮಾತಿಗೂ ಹೀಗೇ ಒಂದು ಚರಿತ್ರೆಯಿದೆ. ಲಿಥಿಯಂ ಬ್ಯಾಟರಿ ಒಂದು ದಿನ ಥಟ್ಟನೆ ನಿಲ್ಲುವುದು ಕಡಿಮೆ. ಅದರೊಳಗೆ ಲಿಥಿಯಂ ಅಯಾನುಗಳು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಿರುತ್ತವೆ. ಹೋಗಿಬರುವ ದಾರಿಯಲ್ಲಿ, ಋಣ ಧ್ರುವದ ಮೈಮೇಲೆ, ಒಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಬೇಕು, ಅದಿಲ್ಲದೆ ಬ್ಯಾಟರಿ ಬಾಳುವುದಿಲ್ಲ. ಆದರೆ ಅದು ದಪ್ಪಗಾದಂತೆಲ್ಲ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿ ಉಳಿಯುತ್ತದೆ. ಬಿಸಿಲಿದ್ದರೆ ಈ ಕೆಲಸ ಇನ್ನೂ ಬೇಗ. ಕಾರನ್ನು ಓಡಿಸದೆ ನಿಲ್ಲಿಸಿಟ್ಟರೂ ಮುಪ್ಪು ನಿಲ್ಲುವುದಿಲ್ಲ. ನಿಸಾನ್ ಕಂಪನಿಯ ಲೀಫ್ ಕಾರು 2010ರ ಕೊನೆಗೆ ಮಾರುಕಟ್ಟೆಗೆ ಬಂದಾಗ ಅದರ ಬ್ಯಾಟರಿಯನ್ನು ತಂಪಾಗಿಸಲು ದ್ರವದ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುನಾಡಿನಲ್ಲಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾಲೀಕರು ದೂರು ಹೇಳತೊಡಗಿದರು. ಆ ಕಾರಿನ ಫಲಕದಲ್ಲಿ ಬ್ಯಾಟರಿಯ ಸಾಮರ್ಥ್ಯ ತೋರಿಸುವ 12 ಗೆರೆಗಳಿದ್ದವು. ಆಮೇಲೆ ಕಂಪನಿ 5 ವರ್ಷ ಅಥವಾ 60,000 ಮೈಲಿಯೊಳಗೆ ಗೆರೆಗಳು 9ಕ್ಕಿಂತ ಕೆಳಗಿಳಿದರೆ ತಾನು ಹೊಣೆ ಎಂದು ಒಪ್ಪಿಕೊಂಡಿತು. 9 ಗೆರೆ ಎಂದರೆ ಹೆಚ್ಚುಕಡಿಮೆ ಶೇಕಡಾ 70.

ನನಗೆ ಈ 70 ಕುತೂಹಲದ ಅಂಕಿ. ಶೇಕಡಾ 71ಕ್ಕೂ 69ಕ್ಕೂ ನಡುವೆ ರಸಾಯನಶಾಸ್ತ್ರದಲ್ಲಿ ಯಾವ ಹೊಸ್ತಿಲೂ ಇಲ್ಲ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಾಡುವ ಮೇಷ್ಟ್ರಿಗೆ ಶೇಕಡಾ 50 ಉಳಿದ ಬ್ಯಾಟರಿಯೂ ಗಟ್ಟಿಮುಟ್ಟು. ದಿನಾ ಮೈಸೂರಿಗೆ ಹೋಗಿ ಬರುವವರಿಗೆ ಶೇಕಡಾ 80 ಕೂಡ ಮುಪ್ಪು. ಬ್ಯಾಟರಿ ‘ಸತ್ತಿತು’ ಎಂಬುದು ಬ್ಯಾಟರಿಯ ಬಗೆಗಿನ ಮಾತೇ ಅಲ್ಲ, ಅದರಿಂದ ನಮಗೇನು ಬೇಕಿತ್ತು ಎಂಬುದರ ಬಗೆಗಿನ ಮಾತು. ಇದನ್ನು ಹೇಳುವಾಗ ನನಗೆ ಅಜ್ಜಿಯರ ಮೊಣಕಾಲು ನೆನಪಾಗುತ್ತದೆ. ಎಂಬತ್ತು ದಾಟಿದವರಿಗೆ ಮೊಣಕಾಲು ಬದಲಿಸಬೇಕು ಎಂದು ವೈದ್ಯರು ಹೇಳಿದಾಗ ಎಷ್ಟು ಮನೆಗಳಲ್ಲಿ ಇದೇ ವಾಕ್ಯ ಕೇಳಿಬರುತ್ತದೆ: ಈ ವಯಸ್ಸಿನಲ್ಲಿ ಯಾಕೆ? ಕಾರು ಮನುಷ್ಯನಲ್ಲ, ಕಾರಿಗೆ ನೋವಿಲ್ಲ, ಹೋಲಿಕೆಯನ್ನು ಎಳೆದಷ್ಟೂ ಅದು ಹರಿಯುತ್ತದೆ. ನನ್ನ ಚಿಂತೆ ಹೋಲಿಕೆಯದ್ದಲ್ಲ, ರೂಢಿಯದ್ದು. ವಸ್ತುಗಳ ಮೇಲೆ ಆಡಿ ಆಡಿ ನಾಲಿಗೆಗೆ ಒಗ್ಗಿಹೋದ ವಾಕ್ಯ ಮನುಷ್ಯರ ಎದುರು ಬಂದಾಗ ತಡವರಿಸುವುದಿಲ್ಲ.

ಇನ್ನು ‘ಅದೇ ಕಾರು’ ಎಂಬ ಪ್ರಶ್ನೆ. ಪಾಶ್ಚಾತ್ಯ ತತ್ವಶಾಸ್ತ್ರ ಓದಿದವರು ಕೂಡಲೇ ಥೀಸಿಯಸ್‌ನ ಹಡಗನ್ನು ತರುತ್ತಾರೆ. ಹಲಗೆ ಹಲಗೆಯಾಗಿ ಎಲ್ಲವನ್ನೂ ಬದಲಿಸಿದರೆ ಅದು ಅದೇ ಹಡಗೇ? ತರಗತಿಯಲ್ಲಿ ಕೇಳಿ ಕೇಳಿ ಸವೆದ ಪ್ರಶ್ನೆ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೆ ಸೇರಿಸಿದ ತಿರುವು ಮಾತ್ರ ಇನ್ನೂ ಸವೆದಿಲ್ಲ. ಯಾರೋ ಆ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು, ಮತ್ತೆ ಜೋಡಿಸಿ, ಇನ್ನೊಂದು ಹಡಗು ಮಾಡಿದರೆ? ಮೂರೂವರೆ ಶತಮಾನ ಇದು ಬರೀ ತರ್ಕದ ಆಟವಾಗಿತ್ತು. 2018ರಲ್ಲಿ ಜಪಾನಿನ ಫುಕುಶಿಮಾ ಪ್ರಾಂತದ ನಾಮಿಯೆ ಎಂಬ ಊರಿನಲ್ಲಿ ಅದು ಕಾರ್ಖಾನೆಯಾಯಿತು. ನಿಸಾನ್ ಮತ್ತು ಸುಮಿಟೊಮೊ ಸೇರಿ ಕಟ್ಟಿದ 4ಆರ್ ಎನರ್ಜಿ ಎಂಬ ಸಂಸ್ಥೆ ಅಲ್ಲಿ ಲೀಫ್ ಕಾರುಗಳಿಂದ ಕಳಚಿದ ಬ್ಯಾಟರಿಗಳನ್ನು ಪರೀಕ್ಷಿಸುತ್ತದೆ. ಒಂದೊಂದು ಪ್ಯಾಕಿನಲ್ಲಿ 48 ಘಟಕ. ಚೆನ್ನಾಗಿರುವ ಘಟಕಗಳನ್ನು ಬೇರೆ ಬೇರೆ ಪ್ಯಾಕುಗಳಿಂದ ಆರಿಸಿ ಜೋಡಿಸಿದರೆ ಮತ್ತೊಂದು ಹಳೆ ಕಾರಿಗೆ ಪ್ಯಾಕು ಸಿದ್ಧ. ಅದಕ್ಕಿಂತ ಸ್ವಲ್ಪ ಸೋತವು ಗೋದಾಮಿನ ಸರಕು ಎತ್ತುವ ಗಾಡಿಗಳಿಗೆ. ಇನ್ನೂ ಸೋತವು ಕರೆಂಟು ಹೋದಾಗ ದೀಪ ಉರಿಸುವುದಕ್ಕೆ. ಸಮಸಮ ಬಲದವನ್ನೇ ಜೋಡಿಸಬೇಕು, ಯಾಕೆಂದರೆ ಸರಣಿಯಲ್ಲಿ ಕಟ್ಟಿದ ಘಟಕಗಳಲ್ಲಿ ಒಂದು ಸೊರಗಿದರೂ ಇಡೀ ಸಾಲು ಅಲ್ಲಿಗೇ ನಿಲ್ಲುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ನೊಗ ಅದು. ನಾಮಿಯೆ 2011ರ ಅಣು ದುರಂತದಲ್ಲಿ ಪೂರ್ತಿ ಖಾಲಿಯಾದ ಊರು. 2017ರಲ್ಲಿ ಅದರ ಒಂದು ಭಾಗಕ್ಕೆ ಮಾತ್ರ ಜನ ಮರಳಲು ಅನುಮತಿ ಸಿಕ್ಕಿತು. ಮುಗಿಯಿತು ಎಂದು ಬರೆದುಬಿಟ್ಟಿದ್ದ ಊರಿನಲ್ಲಿ, ಮುಗಿಯಿತು ಎಂದು ಬಿಸಾಕಿದ ವಸ್ತುಗಳನ್ನು ಕೂರಿಸಿ ಮಾತಾಡಿಸುತ್ತಿದ್ದಾರೆ.

ಆದರೆ ಹಡಗಿನ ಒಗಟಿಗಿಂತ ನನಗೆ ಈ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಪಾಳಿಯ ಮಿಲಿಂದಪಞ್ಹ. ಗ್ರೀಕ್ ಮೂಲದ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ಕೇಳುವ ರಥದ ಪ್ರಶ್ನೆ ಬಹಳ ಪ್ರಸಿದ್ಧ. ಅಚ್ಚು ರಥವೇ? ಗಾಲಿ ರಥವೇ? ಯಾವುದೂ ಅಲ್ಲ, ಎಲ್ಲವೂ ಸೇರಿದಾಗ ಬಳಕೆಗೆ ಬರುವ ಹೆಸರು ರಥ. ಈ ಉತ್ತರ ಕೇಳಿ ನಿರಾಳವಾಗಿ ಎದ್ದು ಹೋಗುವವರೇ ಹೆಚ್ಚು. ಹಾಗಿದ್ದರೆ ‘ಅದೇ’ ಎಂಬುದೂ ಬರೀ ಹೆಸರು, ಯೋಚನೆ ಯಾಕೆ ಎಂದು. ಅದೇ ಗ್ರಂಥದಲ್ಲಿ ಮುಂದೆ ಬರುವ ಮಾವಿನ ಕಳ್ಳನ ಕತೆ ಈ ನಿರಾಳವನ್ನು ಕೆಡಿಸುತ್ತದೆ. ಕಳ್ಳ ಸಿಕ್ಕಿಬಿದ್ದಾಗ ವಾದ ಹೂಡುತ್ತಾನೆ: ತೋಟದವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಹಾಗಾಗಿ ಅವನದ್ದನ್ನು ನಾನು ಕದ್ದಿಲ್ಲ. ತರ್ಕ ತಪ್ಪಿಲ್ಲ, ನೆಟ್ಟ ಓಟೆ ಮಣ್ಣಾಗಿ ಎಷ್ಟೋ ಕಾಲವಾಗಿದೆ. ಆದರೂ ಅವನಿಗೆ ಶಿಕ್ಷೆ ಆಗಲೇಬೇಕು ಎನ್ನುತ್ತಾನೆ ದೊರೆ, ಈ ಹಣ್ಣು ಬಂದದ್ದು ಆ ನೆಟ್ಟ ಮಾವಿನಿಂದಲೇ ತಾನೇ. ಅಲ್ಲಿಗೆ ‘ಅದೇ’ ಎಂಬುದು ವಸ್ತುವಿನೊಳಗೆ ಹುಡುಕಿ ತೆಗೆಯುವ ಗುಣವಲ್ಲ, ಹೊಣೆ ಹೊರುವ ಒಂದು ಬಗೆ ಎಂದಾಯಿತು. ವ್ಯಕ್ತಿ ಎಂಬುದು ನ್ಯಾಯದ ಕಟ್ಟೆಯ ಪದ ಎಂದು ಜಾನ್ ಲಾಕ್ ಬರೆದದ್ದೂ ಇದಕ್ಕೆ ದೂರದ ಮಾತಲ್ಲ.

ಹೀಗೆ ನೋಡಿದರೆ, ಬ್ಯಾಟರಿ ಬದಲಿಸಿ ‘ಇದು ನನ್ನ ಅದೇ ಹಳೇ ಕಾರು’ ಎಂದು ಹೆಮ್ಮೆಯಿಂದ ಹೇಳುವವರು ಗೊತ್ತಿಲ್ಲದೆ ಒಂದು ಪತ್ರಕ್ಕೆ ಸಹಿ ಹಾಕಿದ್ದಾರೆ. ಕಾರು ಅದೇ ಆದರೆ ಅದರಿಂದ ಇಳಿಸಿದ್ದೂ ಅದರ ಕತೆಯ ಭಾಗವೇ. ಒಳಗೆ ಬಂದದ್ದರ ಮೇಲೆ ಹಕ್ಕು, ಹೊರಗೆ ಹೋದದ್ದರ ಬಗ್ಗೆ ಮರೆವು ಎಂದರೆ ಅದು ಮಾವಿನ ಕಳ್ಳನ ವಾದ. ಪುರಿಯ ಜಗನ್ನಾಥನ ನವಕಳೇಬರದಲ್ಲಿ ಇದನ್ನು ಬೇರೆಯೇ ರೀತಿ ಕಾಣಬಹುದು. ಕೊನೆಯ ಸಲ ಅದು ನಡೆದದ್ದು 2015ರಲ್ಲಿ. ಬೇವಿನ ಮರದ ಹೊಸ ಮೂರ್ತಿಗಳನ್ನು ಮಾಡಿ, ಹಳೆಯದರೊಳಗಿನ ‘ಬ್ರಹ್ಮ ಪದಾರ್ಥ’ವನ್ನು ಕಣ್ಣು ಕಟ್ಟಿಕೊಂಡು ಹೊಸತಕ್ಕೆ ಸಾಗಿಸುತ್ತಾರೆ. ನಮ್ಮ ಕಾರಿನ ತಿರುವುಮುರುವು: ಅಲ್ಲಿ ಮೈ ಹೊಸದು, ಒಳಗಿನದು ಹಳೆಯದು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ವಿವರ. ಹಳೆಯ ಮೂರ್ತಿಗಳನ್ನು ಗುಡಿಯ ಆವರಣದಲ್ಲೇ ಹೂಳುತ್ತಾರೆ, ದೈತಾಪತಿ ಸೇವಕರು ಮನೆಯವರು ತೀರಿಕೊಂಡಂತೆ ಸೂತಕ ಆಚರಿಸುತ್ತಾರೆ. ಬಿಟ್ಟುಕೊಟ್ಟದ್ದಕ್ಕೂ ಅಲ್ಲಿ ಒಂದು ಜಾಗವಿದೆ, ಕೆಲವು ದಿನಗಳಿವೆ.

ರೇವಾದಿಂದ ಇಳಿಸಿದ ಸೀಸಕ್ಕೆ ಯಾವ ಜಾಗವಿತ್ತು? ಸೀಸ ಹಾಗೆ ನೋಡಿದರೆ ಸಾಧು ಲೋಹ, ಕರಗಿಸಿದರೆ ಮತ್ತೆ ಮತ್ತೆ ಬ್ಯಾಟರಿಯಾಗುತ್ತದೆ. ಸರಿಯಾದ ಕಾರ್ಖಾನೆಯಲ್ಲಿ ಕರಗಿಸಬೇಕು, ಅಷ್ಟೇ. ಇಲ್ಲದಿದ್ದರೆ ಊರಾಚೆಯ ಯಾವುದೋ ಶೆಡ್ಡಿನಲ್ಲಿ ಕೊಡಲಿಯಿಂದ ಡಬ್ಬಿ ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ತೆರೆದ ಒಲೆಯಲ್ಲಿ ಸೀಸ ಕರಗಿಸುತ್ತಾರೆ. ಹೊಗೆ ಅಕ್ಕಪಕ್ಕದ ಮಕ್ಕಳ ಶ್ವಾಸಕ್ಕೆ, ದೂಳು ಅವರ ಬಾಯಿಗೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿಯೊಂದು ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು ಅಂದಾಜಿಸಿತು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದೆಂದು ಹೆಸರಿಸಿದ್ದು ಇಂಥ ಬ್ಯಾಟರಿ ಒಡೆಯುವ ಕೆಲಸವನ್ನೇ. ಸೀಸ ಮೊದಲು ಮುಟ್ಟುವುದು ಬೆಳೆಯುತ್ತಿರುವ ಮೆದುಳನ್ನು. ಹೊಗೆ ಬಿಡದ ಕಾರಿನಲ್ಲಿ ಮಗುವನ್ನು ಶಾಲೆಗೆ ಬಿಡುವವರಿಗೂ, ಆ ಶೆಡ್ಡಿನ ಪಕ್ಕದ ಮಗುವಿಗೂ ನಡುವೆ ಒಂದು ಬಳ್ಳಿ ಹಬ್ಬಿದೆ. ಮಾವಿನದ್ದೇ ಬಳ್ಳಿ ಎನ್ನಬೇಕೇನೋ, ಮಾವು ಬಳ್ಳಿಯಲ್ಲದಿದ್ದರೂ.

ಹಾಗೆಂದು ಹಳೆಯದನ್ನೆಲ್ಲ ಉಳಿಸಿಕೊಳ್ಳುವುದೇ ಧರ್ಮ ಎಂದು ನಾನು ನಂಬುವುದಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಜಿ-ವಿಝ್‌ನ ಡಿಕ್ಕಿ ಪರೀಕ್ಷೆ ನಡೆದಾಗ ಒಳಗಿದ್ದವರ ಜೀವದ ಬಗ್ಗೆಯೇ ಆತಂಕ ಹುಟ್ಟಿತ್ತು. ಅಂಥ ಮೈಗೆ ಹೊಸ ಬ್ಯಾಟರಿ ತೊಡಿಸಿ ಹೆದ್ದಾರಿಗೆ ಇಳಿಯುವುದು ನಿಷ್ಠೆಯಲ್ಲ, ಹಟ. ಕಾರನ್ನು ಬಿಡಬೇಕಾದಾಗ ಬಿಡಬೇಕು. ಬಿಟ್ಟರೂ ಹೊಣೆಯ ಲೆಕ್ಕ ಬದಲಾಗುವುದಿಲ್ಲ, ಹಾಗಾದಾಗ ಬ್ಯಾಟರಿಯ ಜೊತೆ ಕಾರೂ ಆ ಲೆಕ್ಕಕ್ಕೆ ಸೇರುತ್ತದೆ.

ಕಾನೂನು ಈ ದಾರಿಯಲ್ಲಿ ತತ್ವಶಾಸ್ತ್ರಕ್ಕಿಂತ ಚುರುಕಾಗಿ ನಡೆದಿದೆ ಎಂದು ಒಪ್ಪಿಕೊಳ್ಳಬೇಕು. ರೇವಾ ಬೀದಿಗಿಳಿದ 2001ರಲ್ಲೇ ಹಳೆಯ ಸೀಸದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಸೇರಿ ಎಲ್ಲ ಬಗೆಯ ಬ್ಯಾಟರಿಗಳಿಗೂ ಅದನ್ನು ವಿಸ್ತರಿಸಿ, ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. 2014ರಲ್ಲಿ ನಿಸಾನ್ ಅಮೆರಿಕದಲ್ಲಿ ಲೀಫ್‌ನ ಹೊಸ ಪ್ಯಾಕಿಗೆ 5,499 ಡಾಲರ್ ಎಂದು ಬೆಲೆ ಕಟ್ಟಿದಾಗಲೂ ಹಳೆಯದನ್ನು ಒಪ್ಪಿಸುವುದು ಷರತ್ತಾಗಿತ್ತು. ನಮ್ಮ ಗ್ಯಾರೇಜುಗಳ ಬಿಲ್ಲಿನಲ್ಲೂ ಬೆಲೆ, ತೆರಿಗೆ, ಕೂಲಿ ಎಲ್ಲದರ ಕೆಳಗೆ ‘ಹಳೆ ಬ್ಯಾಟರಿ ಬಾಬ್ತು’ ಎಂದು ಒಂದಿಷ್ಟು ಹಣ ಕಳೆದಿರುತ್ತಾರೆ. ಎಷ್ಟು ಕಳೆದಿರಿ, ಇನ್ನೂ ಐನೂರು ಸೇರಿಸಿ ಎಂದು ಎಲ್ಲರೂ ಚೌಕಾಸಿ ಮಾಡುವ ಸಾಲು ಅದು. ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ, ಕೆಲವರು ಲೆಕ್ಕದ ಪುಸ್ತಕ ತೆರೆದು ರಸೀದಿ ತೋರಿಸುತ್ತಾರೆ.