ಗಂಟಿಗೆ ಕಾವಲು ಯಾವುದು?

ಓಂ ಶ್ರೀ ಗುರುಬಸವಲಿಂಗಾಯ ನಮಃ



ಮಹಾಶಿವರಾತ್ರಿಯ ಜಾಗರಣೆ ಮುಗಿಸಿ, ಹೇಮಾವತಿಯ ಸಿದ್ಧೇಶ್ವರಸ್ವಾಮಿಯ ಜಾತ್ರೆ ಕಂಡು, ನೀವೆಲ್ಲರೂ ನಿಮ್ಮ ನಿಮ್ಮ ಊರು ಸೇರಿದ್ದೀರಿ. ಇನ್ನು ಕೆಲವೇ ದಿನಗಳಲ್ಲಿ ಯುಗಾದಿ. ಬೇವು ಬೆಲ್ಲ ಹಂಚಿ ತಿಂದು, ಹೊಸ ವರುಷದ ಬೇಸಾಯಕ್ಕೆ ಮನಸ್ಸು ಕಟ್ಟಿಕೊಳ್ಳುವ ಹಬ್ಬ ಅದು. ಆದರೆ ನಮ್ಮ ಮಡಕಶಿರಾ, ಅಮರಾಪುರ, ಶಿರಾ, ಪಾವಗಡ ಸೀಮೆಯಲ್ಲಿ ಯುಗಾದಿ ಎಂದರೆ ಇಸ್ಪೀಟು ಎಂಬ ಮಾತೂ ಹುಟ್ಟಿಕೊಂಡಿದೆ. ಹಬ್ಬದ ಮೂರು ದಿನ ಎಲೆ ಹಿಡಿಯದವನು ಗಂಡಸೇ ಅಲ್ಲ ಎನ್ನುವವರೂ ಇದ್ದಾರೆ. ಆದ್ದರಿಂದ ಈ ಸಲ ಅದೇ ವಿಷಯವನ್ನು ನಿಮ್ಮ ಮುಂದಿಡಬೇಕೆಂದು ನಮಗೆ ತೋರಿತು.

ಹೇಮಾವತಿ ಸಾಮಾನ್ಯವಾದ ಊರಲ್ಲ. ಹೆಂಜೇರು ಎಂಬ ಹೆಸರಿನಿಂದ ನೊಳಂಬ ಪಲ್ಲವರ ರಾಜಧಾನಿಯಾಗಿ ಮೆರೆದ ನೆಲ. ನೊಳಂಬರು ಕೆತ್ತಿಸಿದ ಕಂಬಗಳನ್ನು ಚೋಳರು ಗೆದ್ದುಕೊಂಡು ಕಾವೇರಿ ತೀರದ ತಿರುವಯ್ಯಾರಿಗೆ ಸಾಗಿಸಿದರು. ಅವು ಇಂದಿಗೂ ಅಲ್ಲಿನ ದೇವಾಲಯದಲ್ಲಿ ನಿಂತಿವೆ. ಎಷ್ಟೋ ಶಿಲ್ಪಗಳು ಮದರಾಸಿನ ವಸ್ತುಸಂಗ್ರಹಾಲಯ ಸೇರಿದವು. ಹತ್ತಾಳು ಸೇರಿ ಎತ್ತಲಾಗದ ಕಲ್ಲಿನ ಕಂಬವೇ ಕೈತಪ್ಪಿ ಹೋಯಿತೆಂದ ಮೇಲೆ, ಸೊಂಟಕ್ಕೆ ಕಟ್ಟಿಕೊಂಡ ನೋಟಿನ ಗಂಟಿಗೆ ಏನು ಕಾವಲು? ಈ ಪ್ರಶ್ನೆಯನ್ನು ಭಕ್ತರೇ ನಮ್ಮಲ್ಲಿ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವ ಮುಂಚೆ ನಮ್ಮದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ಬಹಳ ವರ್ಷಗಳ ಹಿಂದಿನ ಮಾತು. ದೀಪಾವಳಿಗೆ ನಾಲ್ಕು ದಿನ ಮುಂಚೆ ಒಬ್ಬ ಭಕ್ತರು ಶ್ರೀಮಠಕ್ಕೆ ಬಂದು ಪಾದಕ್ಕೆರಗಿದರು. "ಬುದ್ಧೀ, ಕಡಲೆಕಾಯಿ ಮಾರಿದ ದುಡ್ಡು ಜೊತೇಲಿದೆ. ರಾತ್ರಿ ಪ್ರಯಾಣ. ದಾರೀಲಿ ಏನೂ ಆಗದಂಗೆ ಆಶೀರ್ವಾದ ಮಾಡಿ" ಎಂದರು. ಎಲ್ಲಿಗೆ ಹೋಗುತ್ತೀರಿ ಎಂದು ನಾವು ಕೇಳಲಿಲ್ಲ. ಭಕ್ತರು ಕೇಳಿದರು, ನಾವು ವಿಭೂತಿ ಕೊಟ್ಟೆವು. ಅವರು ಅದನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಹಣದ ಚೀಲದೊಳಗೆ ಹಾಕಿಕೊಂಡು ಹೋದರು.

ಹಬ್ಬ ಕಳೆದು ಒಂದು ವಾರಕ್ಕೆ ಅವರ ಮನೆಯ ತಾಯಿ ಬಂದರು. ಮಗಳ ಮದುವೆಗೆ ಎಂದು ಇಟ್ಟಿದ್ದ ಹಣವೆಲ್ಲ ಮೂರೆಲೆಯಲ್ಲಿ ಹೋಗಿತ್ತು. ಆ ತಾಯಿ ಅಳಲಿಲ್ಲ, ಬೈಯಲಿಲ್ಲ. ಕೈಮುಗಿದು ಒಂದೇ ಮಾತು ಹೇಳಿದರು: "ಬುದ್ಧೀ, ನಿಮ್ಮ ವಿಭೂತಿ ಸುಳ್ಳಾಗಲಿಲ್ಲ. ದಾರೀಲಿ ಒಂದು ರೂಪಾಯಿನೂ ಕಳೀಲಿಲ್ಲ. ಅಷ್ಟನ್ನೂ ಭದ್ರವಾಗಿ ಅಲ್ಲಿಗೆ ಮುಟ್ಟಿಸ್ತು."

ಆ ಮಾತು ನಮ್ಮ ಎದೆಯಲ್ಲಿ ಇಂದಿಗೂ ಮುಳ್ಳಿನಂತೆ ಕುಳಿತಿದೆ. ಆ ದಿನ ದಾರಿಯಲ್ಲಿ ಒಬ್ಬ ಕಳ್ಳ ಅಡ್ಡ ಬಂದು ಅರ್ಧ ಹಣ ಕಿತ್ತುಕೊಂಡಿದ್ದರೆ, ಭಯಕ್ಕೆ ಅವರು ಮನೆಗೆ ಹಿಂತಿರುಗುತ್ತಿದ್ದರೇನೋ, ಉಳಿದರ್ಧದಲ್ಲಿ ಮದುವೆ ನಡೆಯುತ್ತಿತ್ತೇನೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಅಂದಿನಿಂದ ಹಣದ ಗಂಟು ಹಿಡಿದು ಆಶೀರ್ವಾದ ಬೇಡುವವರಿಗೆ ನಾವು ಮೂರು ಪ್ರಶ್ನೆ ಕೇಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಈ ಹಣ ಎಲ್ಲಿಂದ ಬಂತು? ಎಲ್ಲಿಗೆ ಹೋಗುತ್ತಿದೆ? ಮನೆಯ ತಾಯಿಗೆ ಗೊತ್ತಿದೆಯೇ?

ಹೋದ ವರ್ಷ ಯುಗಾದಿಗೆ ಮುಂಚೆ ಹೇಮಾವತಿಯ ಕಡೆಯ ಒಬ್ಬ ರೈತರು ತಮ್ಮ ಮೂವರು ಗೆಳೆಯರೊಡನೆ ಬಂದರು. ಹಿಂದೂಪುರದ ಮಂಡಿಯಲ್ಲಿ ಹುಣಿಸೆಹಣ್ಣು ಮಾರಿದ ಹಣ ಅಂಗಿಯೊಳಗಿತ್ತು. ನಾಲ್ವರೂ ಸೇರಿ ಬಾಡಿಗೆ ಕಾರಿನಲ್ಲಿ ಗೋವಾಕ್ಕೆ ಹೊರಟಿದ್ದರು. ಕಳ್ಳರ ಭಯ, ಚೆಕ್‌ಪೋಸ್ಟಿನ ಭಯ, ಲಾಡ್ಜಿನಲ್ಲಿ ಮಲಗಿದಾಗ ಯಾರಾದರೂ ಕದ್ದಾರೆಂಬ ಭಯ. ಅದಕ್ಕೆ ರಕ್ಷೆ ಬೇಕೆಂದರು.

ನಾವು ಮೊದಲ ಪ್ರಶ್ನೆ ಕೇಳಿದೆವು. "ನಮ್ಮ ತೋಟದ್ದೇ ಬುದ್ಧೀ, ಬೆವರಿನ ದುಡ್ಡು" ಎಂದು ಎದೆ ತಟ್ಟಿ ಹೇಳಿದರು. ಎರಡನೆಯದಕ್ಕೆ ದನಿ ಇಳಿಯಿತು. ಮೂರನೆಯದಕ್ಕೆ ತಲೆ ತಗ್ಗಿಸಿದರು. ಆಗ ಅವರ ಜೊತೆಯಲ್ಲಿದ್ದ, ಪುರಾಣ ಪ್ರವಚನ ಕೇಳಿ ಬಲ್ಲ ಗೆಳೆಯರೊಬ್ಬರು ಮುಂದೆ ಬಂದು, "ಬುದ್ಧೀ, ತಪ್ಪು ತಿಳೀಬೇಡಿ. ಅರುವತ್ತಮೂವರು ಪುರಾತನರಲ್ಲಿ ಮೂರ್ಖ ನಾಯನಾರ್ ಜೂಜಾಡಿಯೇ ಶಿವಪದ ಪಡೆದರಲ್ಲ? ನಾವೂ ಗೆದ್ದದ್ದರಲ್ಲಿ ದಾಸೋಹಕ್ಕೆ ಕೊಡ್ತೀವಿ" ಎಂದರು.

ಸದ್ಭಕ್ತರೇ, ಇದು ತಳ್ಳಿಹಾಕುವ ಮಾತಲ್ಲ. ಶೇಕ್ಕಿಳಾರರ ಪೆರಿಯ ಪುರಾಣದಲ್ಲಿ ಈ ಕಥೆ ನಿಜವಾಗಿಯೂ ಇದೆ. ತಿರುವೇರ್ಕಾಡಿನ ಆ ಭಕ್ತರು ಶಿವಭಕ್ತರಿಗೆ ಉಣಬಡಿಸುವುದರಲ್ಲೇ ಹೊಲ, ಮನೆ, ಆಸ್ತಿಯನ್ನೆಲ್ಲ ಕರಗಿಸಿದರು. ಮಾರಲು ಏನೂ ಉಳಿಯದಿದ್ದಾಗ, ಹಿಂದೆ ಕಲಿತಿದ್ದ ಜೂಜಿನ ವಿದ್ಯೆಯನ್ನು ಹಿಡಿದರು. ತಮ್ಮೂರಿನಲ್ಲಿ ಎದುರು ಕೂರುವವರಿಲ್ಲವಾದಾಗ ಊರೂರು ಅಲೆದು ಕುಂಭಕೋಣಕ್ಕೆ ಬಂದರು. ಇಷ್ಟನ್ನು ಮಾತ್ರ ಕೇಳಿದರೆ ಗೋವಾಕ್ಕೆ ಹೊರಟವರಿಗೆ ಧೈರ್ಯ ಬರುತ್ತದೆ. ಆದರೆ ಕಥೆಯನ್ನು ಪೂರ್ತಿ ಕೇಳಬೇಕು. ಗೆದ್ದ ಹಣವನ್ನು ಅವರು ಕೈಯಿಂದ ಮುಟ್ಟುತ್ತಿರಲಿಲ್ಲ. ಅಡಿಗೆಯವರೇ ಅದನ್ನು ತೆಗೆದುಕೊಂಡು ಅನ್ನ ಮಾಡುತ್ತಿದ್ದರು. ಭಕ್ತರೆಲ್ಲ ಉಂಡೆದ್ದ ಮೇಲೆ ಕಡೆಯ ಪಂಕ್ತಿಯಲ್ಲಿ ತಾವು ಉಣ್ಣುತ್ತಿದ್ದರು. ಇನ್ನೊಂದು ಮಾತು: ಜೂಜಿನಲ್ಲಿ ಮೋಸ ಮಾಡಿದವರನ್ನು ಅವರು ಕಠಾರಿಯಿಂದ ಇರಿಯುತ್ತಿದ್ದರೆಂಬುದನ್ನೂ ಪುರಾಣ ಮುಚ್ಚಿಡುವುದಿಲ್ಲ. ಅಷ್ಟು ದೊಡ್ಡ ಭಕ್ತರು ಕೂತ ಜೂಜಿನ ಹಾಸಿನ ಮೇಲೂ ರಕ್ತ ಬಿತ್ತು. ಅವರ ದಾಸೋಹಕ್ಕೆ ಕೈಮುಗಿಯೋಣ. ಅವರ ಪಗಡೆಯನ್ನು ನಾವು ಎತ್ತಿಕೊಳ್ಳುವುದು ಬೇಡ.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹಕ್ಕೆ ಇನ್ನೂ ಗಟ್ಟಿಯಾದ ತಳಹದಿ ಹಾಕಿದರು. ಅದು ಕಾಯಕ. ದಾಸೋಹ ಮಾಡಬೇಕು, ಆದರೆ ಸತ್ಯಶುದ್ಧ ಕಾಯಕದಿಂದ ಬಂದದ್ದರಲ್ಲಿ ಮಾಡಬೇಕು. ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಕದ್ದದ್ದಲ್ಲ, ಯಾರನ್ನೂ ಸೋಲಿಸಿ ತಂದದ್ದಲ್ಲ. ಆದರೂ ತಾಯಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲು ಒಪ್ಪಲಿಲ್ಲ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಎರಡು ಹಿಡಿ ಹೆಚ್ಚಿನ ಅಕ್ಕಿಯನ್ನೇ ಒಪ್ಪದ ಮನೆತನದ ಮಕ್ಕಳು ನಾವು. ಇನ್ನೊಬ್ಬ ರೈತನ ಬೀಜದ ಹಣವನ್ನು ಒಂದು ರಾತ್ರಿಯಲ್ಲಿ ಗೆದ್ದು ತಂದು ದಾಸೋಹದ ಹುಂಡಿಗೆ ಹಾಕಿದರೆ, ಆ ಅನ್ನವನ್ನು ಯಾರಿಗೆ ಬಡಿಸೋಣ? ಸೋತವನ ಮಕ್ಕಳಿಗೇ ಬಡಿಸೋಣವೇ?

ಗೆಲ್ಲುತ್ತೇವೆಂಬುದಾದರೂ ನಿಜವೇ, ಲೆಕ್ಕ ನೋಡಿ. ಐದು ಜನ ತಲಾ 20,000 ರೂಪಾಯಿ ಹಿಡಿದು ಕೂತರೆಂದಿಟ್ಟುಕೊಳ್ಳಿ. ಒಟ್ಟು 1 ಲಕ್ಷ. ಒಂದೊಂದು ಆಟಕ್ಕೂ 5,000 ರೂಪಾಯಿ ಪಣ ಸೇರುತ್ತದೆ. ಆಟ ನಡೆಸುವವನು ನೂರಕ್ಕೆ ಐದರಂತೆ 250 ರೂಪಾಯಿ ತನ್ನ ಪಾಲು ತೆಗೆಯುತ್ತಾನೆ. ನಲವತ್ತು ಆಟವಾಗುವಷ್ಟರಲ್ಲಿ 10,000 ರೂಪಾಯಿ ಅವನ ಪೆಟ್ಟಿಗೆ ಸೇರಿತು. ಹತ್ತು ರಾತ್ರಿ ಹೀಗೇ ಕೂತರೆ ಐವರ 1 ಲಕ್ಷವೂ ಅವನದೇ. ಐವರಲ್ಲಿ ಯಾರು ಜಾಣ, ಯಾರು ದಡ್ಡ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಮಟ್ಕಾದಲ್ಲಿಯೂ ಅಷ್ಟೇ. ಹತ್ತು ಅಂಕಿಗಳಲ್ಲಿ ಒಂದಕ್ಕೆ ಕಟ್ಟಿ ಗೆದ್ದವನಿಗೆ ಒಂದಕ್ಕೆ ಒಂಬತ್ತು ಕೊಡುತ್ತಾರೆ. ಹತ್ತನೆಯದು ಎಲ್ಲಿ ಹೋಯಿತೆಂದು ಕೇಳುವವರಿಲ್ಲ.

ಗೋವಾದ ಮಾತನ್ನೂ ಹೇಳಿಬಿಡುತ್ತೇವೆ. ಅಲ್ಲಿ ಕ್ಯಾಸಿನೊ ನಡೆಸಲು ಸರ್ಕಾರದ ಅನುಮತಿ ಇದೆ. ಆದರೆ 2020ರ ಫೆಬ್ರವರಿಯಿಂದ ಗೋವಾದ ಸ್ಥಳೀಯರು ಅದರೊಳಗೆ ಆಡಲು ಹೋಗುವಂತಿಲ್ಲ. ತಮ್ಮ ಮನೆಯ ಮಕ್ಕಳಿಗೆ ಬೇಡವೆಂದು ಬಾಗಿಲು ಮುಚ್ಚಿ, ನಿಮ್ಮನ್ನು ನಗುನಗುತ್ತ ಒಳಗೆ ಕರೆಯುತ್ತಾರೆ. ಇದರ ಅರ್ಥವನ್ನು ನೀವೇ ಬಿಡಿಸಿಕೊಳ್ಳಿ.

ಗಡಿಯ ಈಚೆ ಆಚೆ ಕಾನೂನು ಬೇರೆ ಎಂಬ ನಂಬಿಕೆಯೂ ನಮ್ಮವರಲ್ಲಿದೆ. ಆಂಧ್ರದಲ್ಲಿ ಹಿಡಿದರೆ ಕರ್ನಾಟಕಕ್ಕೆ ದಾಟು, ಕರ್ನಾಟಕದಲ್ಲಿ ಹಿಡಿದರೆ ಆಂಧ್ರಕ್ಕೆ ದಾಟು ಎಂದು ಲೆಕ್ಕ ಹಾಕುತ್ತಾರೆ. ಆಂಧ್ರದಲ್ಲಿ 1974ರ ಜೂಜು ಕಾಯಿದೆ ಇದೆ, ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯಿದೆ ಇದೆ. ರಮ್ಮಿ ಬುದ್ಧಿಯ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತೆಂಬುದನ್ನು ಕೆಲವರು ಬಾಯಿಪಾಠ ಮಾಡಿದ್ದಾರೆ. ಅದೇ ತೀರ್ಪು ಮೂರೆಲೆಯ ಆಟವನ್ನು ಬರೀ ಅದೃಷ್ಟದ ಆಟವೆಂದು ಬೇರೆ ಮಾಡಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಆದರೆ ಭಕ್ತರೇ, ಕಾನೂನಿಗೆ ಗಡಿ ಇರಬಹುದು, ಲಿಂಗಕ್ಕೆ ಗಡಿ ಇಲ್ಲ. ಎದೆಯ ಮೇಲಿನ ಇಷ್ಟಲಿಂಗದ ಪಕ್ಕದಲ್ಲೇ ಅಂಗಿಯೊಳಗೆ ನೋಟಿನ ಕಟ್ಟು ಇಟ್ಟುಕೊಂಡು ಹೋಗುತ್ತೀರಿ. ಎಲೆ ಹರಡುವಾಗ ಲಿಂಗಯ್ಯನನ್ನು ಹೊರಗೆ ಕೂರಿಸಿ ಒಳಗೆ ಹೋಗಲು ಬರುತ್ತದೆಯೇ?

ಹಾಗಾದರೆ ಹಣಕ್ಕೆ ಕಾವಲು ಯಾವುದು? ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅಷ್ಟು ದೊಡ್ಡ ಬೊಕ್ಕಸ ಅವರ ಕೈಯಲ್ಲಿತ್ತು. ಆಗದವರು ದೂರು ಹೇಳಿದರು, ರಾಜನು ಲೆಕ್ಕ ಕೇಳಿದನು. ಬಸವಣ್ಣನವರು ಅಂಜದೆ ಬೊಕ್ಕಸ ತೆರೆದು ತೋರಿಸಿದರು, ಒಂದು ಹಾಗವೂ ಕಡಿಮೆಯಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಅದೇ ಕಾವಲು. ಯಾರು ಕೇಳಿದರೂ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ ಎಂದು ದನಿ ಇಳಿಸದೆ ಹೇಳಲು ಬರುವ ಹಣವೇ ಭದ್ರವಾದ ಹಣ.

ಲೋಕದ ವ್ಯವಹಾರವೂ ಇದನ್ನೇ ಕೇಳುತ್ತದೆ. ಚುನಾವಣೆಯ ಕಾಲದಲ್ಲಿ 50,000 ರೂಪಾಯಿಗೆ ಮೇಲ್ಪಟ್ಟ ನಗದನ್ನು ದಾಖಲೆಯಿಲ್ಲದೆ ಒಯ್ದರೆ ಚೆಕ್‌ಪೋಸ್ಟಿನಲ್ಲಿ ಹಿಡಿದಿಡುತ್ತಾರೆಂಬುದು ಗಡಿಯವರಾದ ನಿಮಗೆ ಗೊತ್ತು. ಮಂಡಿಯ ಚೀಟಿ, ಬ್ಯಾಂಕಿನ ಚೀಟಿ ಜೊತೆಯಲ್ಲಿದ್ದವರು ತೋರಿಸಿ ಮುಂದೆ ಹೋಗುತ್ತಾರೆ. ಬೆಳೆ ಮಾರಿದ ದಿನ ಆದಷ್ಟು ಹಣವನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ. ನಗದು ತರಲೇಬೇಕಾದರೆ ಹಗಲಿನಲ್ಲಿ ತನ್ನಿ, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ನೇರವಾಗಿ ಮನೆಗೆ ಬನ್ನಿ, ತಾಯಿಯ ಅಥವಾ ಹೆಂಡತಿಯ ಕೈಗೆ ಎಣಿಸಿ ಕೊಡಿ. ಬೀಜಕ್ಕಿಷ್ಟು, ಸಾಲಕ್ಕಿಷ್ಟು, ಮಕ್ಕಳ ಓದಿಗಿಷ್ಟು, ದಾಸೋಹಕ್ಕಿಷ್ಟು ಎಂದು ಅಲ್ಲೇ ಪಾಲು ಮಾಡಿ. ಹೆಸರಿಟ್ಟ ಹಣ ಬೇಗ ದಾರಿ ತಪ್ಪುವುದಿಲ್ಲ.

ಜೂಜಿನ ಚಟ ಈಗಾಗಲೇ ಹತ್ತಿದವರನ್ನು ನಾವು ಹೀಗಳೆಯುವುದಿಲ್ಲ. ಅದೂ ಒಂದು ರೋಗ. ಮನೆಯವರ ಮುಂದೆ ಹೇಳಲು ಬಾಯಿ ಬಾರದಿದ್ದರೆ ಶ್ರೀಮಠಕ್ಕೆ ಬನ್ನಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿದರೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ತಿಳಿದವರು ಮಾತನಾಡುತ್ತಾರೆ. ಸೋತದ್ದನ್ನು ಆಡಿಯೇ ಹಿಂದಕ್ಕೆ ತರುತ್ತೇನೆಂದು ಮಾತ್ರ ಹೊರಡಬೇಡಿ. ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ಹಗ್ಗ ಬೇಕು. ಇನ್ನೊಂದು ಬಿಂದಿಗೆಯನ್ನು ಎಸೆದರೆ ಮೊದಲಿನದು ಮೇಲೆ ಬರುವುದಿಲ್ಲ.

ಹೋದ ವರ್ಷದ ಆ ರೈತರು ಏನು ಮಾಡಿದರು ಎಂದು ಕೇಳುತ್ತೀರಿ. ನಾವು ಅವರಿಗೆ ರಕ್ಷೆ ಕೊಡಲಿಲ್ಲ. ಪ್ರಸಾದ ಸ್ವೀಕರಿಸಿ ಹೋಗಿ ಎಂದೆವು. ನಾಲ್ವರೂ ಪಂಕ್ತಿಯಲ್ಲಿ ಕೂತು ಉಂಡರು. ಉಂಡೆದ್ದ ಮೇಲೆ ಅವರು ಮಠದ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡಿ ಬಹಳ ಹೊತ್ತು ಮಾತನಾಡಿದರು. ಗೆಳೆಯರು ಕಾರು ಹತ್ತಿ ಹೋದರು. ಅವರು ಸಂಜೆಯ ಬಸ್ಸಿಗೆ ಅಮರಾಪುರದ ಕಡೆ ಹೊರಟರು. ಹೊರಡುವಾಗ ಮತ್ತೆ ಪಾದಕ್ಕೆರಗಿ, "ಈಗ ಕೊಡಿ ಬುದ್ಧೀ" ಎಂದು ಕೈಯೊಡ್ಡಿದರು. ನಾವು ವಿಭೂತಿ ಕೊಟ್ಟೆವು. ಅವರು ಮುಂದೆಂದೂ ಎಲೆ ಮುಟ್ಟಲಿಲ್ಲವೆಂದು ನಾವು ಪ್ರಮಾಣ ಮಾಡಲಾರೆವು. ಆ ದಿನದ ಹಣ ಆ ದಿನ ಮನೆ ಸೇರಿತು. ಅಷ್ಟನ್ನು ಬಲ್ಲೆವು.

ಈ ಯುಗಾದಿಗೆ ನಿಮ್ಮ ಗಂಟು ಯಾವ ಊರಿನಲ್ಲಿ ಬಿಚ್ಚಬೇಕೆಂಬುದನ್ನು ಹಬ್ಬದ ಮುಂಚೆಯೇ ಮನೆಯವರೊಡನೆ ಕೂತು ನಿಶ್ಚಯಿಸಿ. ಬೇವು ಬೆಲ್ಲವನ್ನು ಅವರ ಕೈಯಿಂದಲೇ ತೆಗೆದುಕೊಳ್ಳಿ. ಸಿದ್ಧೇಶ್ವರಸ್ವಾಮಿಯೂ ಗುರುಬಸವಣ್ಣನವರೂ ನಿಮ್ಮ ಕಾಯಕಕ್ಕೆ ಬಲ ಕೊಡಲಿ, ನಿಮ್ಮ ಮನೆಯ ಒಲೆ ಆರದಿರಲಿ.

ಶರಣು ಶರಣಾರ್ಥಿ.